ಜೀಪಿನ ಒರಿಜಿನಲ್ ಗ್ಲಾಸು

ಜೂನ್ ತಿಂಗಳ ಎರಡನೇ ಶನಿವಾರ ಸಂಜೆ, ಶನಿವಾರಸಂತೆಯಿಂದ ನಮ್ಮೂರಿಗೆ ಬರುತ್ತಿದ್ದ ಹಳೆಯ ಜೀಪೊಂದು ಕೆರೆಕೋಡಿಯ ಹತ್ತಿರದ ಮೋರಿಕಟ್ಟೆಗೆ ಎಡಬದಿಯ ಮಡ್‌ಗಾರ್ಡನ್ನು ಉಜ್ಜಿಕೊಂಡು ನಿಂತಿತು. ಜೀಪಿನಲ್ಲಿ ಐವರು ಹೆಂಗಸರಿದ್ದರು. ಯಾರಿಗೂ ಗಾಯವಾಗಲಿಲ್ಲ. ಖಾಲಿ ಬುಟ್ಟಿಯೊಂದು ಮೋರಿಗೆ ಬಿತ್ತು. ಓಡಿಸುತ್ತಿದ್ದವಳು ನನ್ನ ಅಕ್ಕ ದಮಯಂತಿ.

ಸುದ್ದಿ ಇಷ್ಟೇ. ನಾನು ಡೆಸ್ಕಿನಲ್ಲಿ ಕೂತಿದ್ದ ಕಾಲದಲ್ಲಿ ಇಂಥದ್ದು ಬಂದಿದ್ದರೆ ಒಳಪುಟದ ಮೂಲೆಗೂ ಹಾಕುತ್ತಿರಲಿಲ್ಲ. ಆದರೆ ಊರಿಗೆ ಒಳಪುಟ ಎಂಬುದಿಲ್ಲ, ಅಲ್ಲಿ ಎಲ್ಲವೂ ಮುಖಪುಟ. ಮೋರಿಗೆ ಬಿದ್ದ ಬುಟ್ಟಿಯನ್ನು ಎತ್ತಿಕೊಳ್ಳುವ ಹೊತ್ತಿಗಾಗಲೇ ತಲೆಬರಹ ತಯಾರಾಗಿತ್ತು: ದಮಯಂತಕ್ಕನ ಕಣ್ಣು ಹೋಗಿದೆ.

ಈ ಬರಹವನ್ನು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಸುದ್ದಿ ಸಂಪಾದಕರು ಒಂದು ಮಾತು ಹೇಳುತ್ತಿದ್ದರು: ಸಿಟ್ಟು ಬಂದಾಗ ಬರೆ, ಆದರೆ ಬರೆದ ಮೇಲೆ ವಿಶೇಷಣಗಳನ್ನೆಲ್ಲ ಹೊಡೆದುಹಾಕು. ಅದನ್ನು ಈಗಲೂ ಪಾಲಿಸುತ್ತೇನೆ. ಆದ್ದರಿಂದ ನನ್ನ ತಮ್ಮ ಮೋಹನನ ಬಗ್ಗೆ ಮುಂದೆ ಎಲ್ಲಿಯೂ ವಿಶೇಷಣ ಕಾಣದಿದ್ದರೆ, ಅದು ಇರಲಿಲ್ಲವೆಂದಲ್ಲ, ಹೊಡೆದುಹಾಕಿದ್ದೇನೆ ಎಂದು ತಿಳಿಯಿರಿ.

ಭಾನುವಾರ ಬೆಳಿಗ್ಗೆ ಮಡಿಕೇರಿಯ ನನ್ನ ಮನೆಗೆ ಮೋಹನನ ಫೋನು ಬಂತು.

"ಅಣ್ಣ, ಅಕ್ಕನ ಕಣ್ಣು ಹೋಗೈತೆ. ಜೀಪಿನ ಕೀ ಇನ್ಮೇಲೆ ನನ್ ಹತ್ರಾನೇ ಇರ್ಲಿ."

"ಕಣ್ಣು ಹೋಗೈತೆ ಅಂತ ಯಾರು ಹೇಳಿದ್ದು?"

"ಎಲ್ರೂ ಹೇಳ್ತಾವ್ರೆ."

"ಎಲ್ರೂ ಅಂದ್ರೆ?"

"ನೀನು ಪೇಪರ್‌ನೋರ ತರ ಕೇಳ್ಬೇಡ. ಅರವತ್ತು ದಾಟ್ತು ಅವಳಿಗೆ. ಹೆಂಗ್ಸು ಬೇರೆ. ಇವತ್ತು ಮೋರಿ, ನಾಳೆ ಕೆರೆ. ಆಮೇಲೆ ನೀನೇ ಬರೀಬೇಕಾಯ್ತದೆ."

ಆರೋಪ ಬಂದಾಗ ಇನ್ನೊಂದು ಕಡೆಯವರನ್ನೂ ಕೇಳಬೇಕು. ಕೆಲಸದಿಂದ ನಿವೃತ್ತನಾದರೂ ಆ ರೋಗದಿಂದ ನಿವೃತ್ತಿ ಸಿಕ್ಕಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಅಲ್ಲಿಯವರೆಗೆ ಅವಳನ್ನು ಏನಾಯಿತೆಂದು ಕೇಳಿದವರು ಯಾರೂ ಇರಲಿಲ್ಲವಂತೆ. ಹೇಗಿದ್ದೀ, ಎಲ್ಲಿ ತಾಗಿತು, ಇನ್ನಾದರೂ ದೇವರ ಪೂಜೆ ಮಾಡಿಕೊಂಡು ಮನೆಯಲ್ಲಿರು ಎಂದೆಲ್ಲ ಹೇಳಿ ಹೋಗಿದ್ದರು.

"ಕಣ್ಣಲ್ಲ ಕಣೋ, ಗ್ಲಾಸು. ಎದುರಿಂದ ಬಸ್ಸಿನೋನು ಲೈಟ್ ಹಾಕ್ದ. ಗ್ಲಾಸೆಲ್ಲಾ ಹಾಲು ಚೆಲ್ದಂಗಾಯ್ತು. ರಸ್ತೆನೂ ಇಲ್ಲ, ಬಸ್ಸೂ ಇಲ್ಲ. ಬ್ರೇಕ್ ಒತ್ತಿ ಎಡಕ್ಕೆ ತಗೊಂಡೆ. ನಿಲ್ಲೋಷ್ಟರಲ್ಲಿ ಮೋರಿ ತಾಗ್ತು. ಬೇರೆ ಗ್ಲಾಸ್ ಹಾಕ್ಸಿ ಅಂತ ಎರಡು ವರ್ಷದಿಂದ ಬಾಯ್ ಬಡ್ಕೋತಾ ಇದೀನಿ, ಮೋಹನ ಕೇಳ್ಬೇಕಲ್ಲ."

ಇಲ್ಲಿ ಜೀಪಿನ ವಿಷಯ ಸ್ವಲ್ಪ ಹೇಳಬೇಕು. ಅದು ಅಪ್ಪ ಮಿಲಿಟರಿಯ ಹರಾಜಿನಲ್ಲಿ ಹಿಡಿದು ತಂದದ್ದು. ನನಗಿಂತ ವಯಸ್ಸಿನಲ್ಲಿ ದೊಡ್ಡದು, ನನಗಿಂತ ಗಟ್ಟಿ. ಎದುರಿನ ಗ್ಲಾಸು ಒಂದೇ ಹಲಗೆಯಲ್ಲ, ನಡುವೆ ಕಬ್ಬಿಣದ ಪಟ್ಟಿ ಬಂದು ಎರಡು ಚೌಕ. ಇಡೀ ಚೌಕಟ್ಟನ್ನು ಎರಡು ಬದಿಯ ಕೊಂಡಿ ಬಿಚ್ಚಿ ಬಾನೆಟ್ಟಿನ ಮೇಲೆ ಮಡಚಿ ಮಲಗಿಸಬಹುದು. ಬಲಗಡೆ, ಡ್ರೈವರ್ ಎದುರಿಗಿದ್ದ ವೈಪರ್ ಇಂಜಿನ್ನು ಎಳೆಯುವ ಗಾಳಿಯಲ್ಲಿ ಓಡುತ್ತಿತ್ತು. ಏರಿನಲ್ಲಿ ಇಂಜಿನ್ನು ಏದುಸಿರು ಬಿಡುವಾಗ, ಎಂದರೆ ನಮ್ಮೂರಿನ ರಸ್ತೆಯಲ್ಲಿ ಹೆಚ್ಚಿನ ಹೊತ್ತು, ಅದು ಅರ್ಧದಲ್ಲೇ ನಿಂತುಬಿಡುತ್ತಿತ್ತು. ಎಡಗಡೆಯದ್ದು ಕೈ ವೈಪರ್. ಒಳಗಿನಿಂದ ಒಂದು ಸಣ್ಣ ಹಿಡಿಕೆಯನ್ನು ಅತ್ತಿತ್ತ ತಿರುಗಿಸಬೇಕು.

ಆ ಹಿಡಿಕೆ ನನ್ನ ಬಾಲ್ಯದ ಹುದ್ದೆ. ಅಪ್ಪ ನಮ್ಮಿಬ್ಬರಿಗೂ ಡ್ರೈವಿಂಗ್ ಕಲಿಸಲು ನೋಡಿದರು. ಅಕ್ಕ ಒಂದು ವಾರದಲ್ಲಿ ಕಲಿತಳು. ನಾನು ಪ್ರತಿ ದಿಬ್ಬದಲ್ಲೂ ಇಂಜಿನ್ನು ಆಫ್ ಮಾಡಿ, ಜೀಪು ಹಿಂದಕ್ಕೆ ಜಾರುವಾಗ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕೊನೆಗೊಂದು ದಿನ ಅಪ್ಪ ಇಳಿದು ಬಂದು, "ಏ ಶೇಖರ, ನೀನು ಆ ಕಡೆ ಕೂತು ವೈಪರ್ ತಿರುಗ್ಸು. ಅದ್ರಲ್ಲಿ ರಿವರ್ಸ್ ಗೇರಿಲ್ಲ" ಎಂದರು. ಆವತ್ತಿನಿಂದ ಮಳೆ ಬಂದಾಗ ನಾನು ಎಡಗಡೆ. ನನ್ನ ಕಡೆಯ ಗ್ಲಾಸನ್ನು ನಾನು ಒರೆಸುತ್ತಿದ್ದೆ, ಆ ಕಡೆಯಿಂದ ನೋಡುವವರು ಯಾರೂ ಇಲ್ಲದಿದ್ದರೂ. ಮುಂದೆ ಪತ್ರಿಕೆಯಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಡಿಸೆಂಬರಿನಲ್ಲಿ ಅಪ್ಪ ಗ್ಲಾಸನ್ನು ಬಾನೆಟ್ಟಿನ ಮೇಲೆ ಮಲಗಿಸಿ ಓಡಿಸುತ್ತಿದ್ದರು. ಮಂಜು ನೇರ ಮುಖಕ್ಕೆ. ಕಣ್ಣಿನಲ್ಲಿ ನೀರು, ಮೂಗಿನ ತುದಿ ಮರಗಟ್ಟಿ, ಬಾಯಿ ತೆರೆದರೆ ಹಲ್ಲಿಗೆ ಹುಳು. ಕಾಫಿ ಹಣ್ಣಿನ ವಾಸನೆ, ಗದ್ದೆಯಲ್ಲಿ ಒಣಗುವ ಹುಲ್ಲಿನ ವಾಸನೆ, ಯಾರದೋ ಒಲೆಯ ಹೊಗೆ, ಎಲ್ಲವೂ ಒಂದರ ಹಿಂದೊಂದು ಮುಖಕ್ಕೆ ಬಡಿದು ಹೋಗುತ್ತಿದ್ದವು. ಅಕ್ಕ ಮಾತ್ರ ಕಣ್ಣು ಮಿಟುಕಿಸುತ್ತಿರಲಿಲ್ಲ. "ದಮ್ಮಿ ಗೂಬೆ ಕಣೋ, ಎಷ್ಟು ಗಾಳಿ ಬಂದ್ರೂ ಕಣ್ಣು ಮುಚ್ಚಲ್ಲ" ಎಂದು ಅಪ್ಪ ಹೆಮ್ಮೆಪಡುತ್ತಿದ್ದರು. ಆ ಹೆಮ್ಮೆಯಲ್ಲಿ ನನಗೂ ಪಾಲು ಬರಲೆಂದು ನಾನೂ ಕಣ್ಣು ಅಗಲಿಸಿ ಕೂತು, ಒಂದು ಜೀರುಂಡೆ ಬಡಿದು ಎರಡು ದಿನ ಶಾಲೆ ತಪ್ಪಿಸಿದ್ದುಂಟು.

ಅಕ್ಕನನ್ನು ಕೊಟ್ಟದ್ದು ಅದೇ ಊರಿಗೆ. ಭಾವನಿಗೆ ಕ್ಲಚ್ಚಿಗೂ ಬ್ರೇಕಿಗೂ ಇರುವ ವ್ಯತ್ಯಾಸ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಅಪ್ಪನ ಕಾಲದ ನಂತರ ಜೀಪು ನಮ್ಮ ಮೂವರದ್ದಾದರೂ ಓಡಿಸುವವಳು ಅಕ್ಕನೇ. ಶನಿವಾರ ಬಂದರೆ ಕೇರಿಯ ನಾಲ್ವರು ಹೆಂಗಸರು ಅವಳ ಜೊತೆ ಸಂತೆಗೆ. ಗಾಂಧಾರಿ ಮೆಣಸು, ನಾಟಿ ಕೋಳಿ ಮೊಟ್ಟೆ, ಸೊಪ್ಪು, ಬಾಳೆಗೊನೆ. ನಮ್ಮೂರಿನೊಳಗೆ ಬಸ್ಸು ಬರುವುದಿಲ್ಲ, ಕೆರೆಕೋಡಿಯ ಟಾರು ರಸ್ತೆಯಲ್ಲೇ ಹಾದುಹೋಗುತ್ತದೆ. ಸಂತೆ ಎಂದರೆ ಅವರಿಗೆ ಜೀಪು, ಜೀಪು ಎಂದರೆ ಅಕ್ಕ. ಕೀಲಿ ಹೋದರೆ ಏನು ಹೋಯಿತು ಎಂಬುದು ಈಗ ನಿಮಗೂ ಗೊತ್ತಾಗಿರಬೇಕು. ಮೋಹನನಿಗೆ ಗೊತ್ತಾಗಿರಲಿಲ್ಲ. ಅವನು ಆ ಕೀಲಿಯನ್ನು ತನ್ನ ಹೋಂಸ್ಟೇಯ ರಿಸೆಪ್ಶನ್ನಿನಲ್ಲಿ, ಮರದ ಆನೆಯ ಮುಖ ಕೆತ್ತಿದ ಒಂದು ಕೊಕ್ಕೆಗೆ, ಸೊಂಡಿಲಿನಿಂದ ನೇತಾಡುವಂತೆ ಹಾಕಿದ್ದ.

ಸೋಮವಾರ ನಾನು ಊರಿಗೆ ಹೋದೆ. ಜೀಪು ಹೋಂಸ್ಟೇ ಅಂಗಳದಲ್ಲಿ ನಿಂತಿತ್ತು. ಅಕ್ಕ ಕೂರುವ ಸೀಟಿನಲ್ಲಿ ಕೂತು ಗ್ಲಾಸಿನ ಮೂಲಕ ನೋಡಿದೆ. ಎದುರಿಗಿದ್ದ ಹಲಸಿನ ಮರ ಮಜ್ಜಿಗೆಯಲ್ಲಿ ಮುಳುಗಿಸಿದಂತೆ ಕಂಡಿತು. ಮೋಹನನಿಗೆ ಅವನ ಕಾರಿನ ಲೈಟು ಹಾಕಲು ಹೇಳಿದೆ. ಹಾಕಿದ. ಮರವೇ ಹೋಯಿತು.

ಹಳೆಯ ಗ್ಲಾಸು ಎಂದರೆ ಗೀಚು ಇದ್ದೇ ಇರುತ್ತದೆ. ರಬ್ಬರು ಸವೆದ ವೈಪರ್ ಕೊರೆದ ಅರ್ಧಚಂದ್ರ, ವರ್ಷವರ್ಷದ ಆಯುಧಪೂಜೆಯ ಕುಂಕುಮ ಉಜ್ಜಿದ ಗುರುತು, ಇವೆಲ್ಲ ಎಡಗಡೆಯ ಗ್ಲಾಸಿನಲ್ಲೂ ಇವೆ. ಆದರೆ ಬಲಗಡೆಯ ಬಿಳುಪು ಬೇರೆ ಜಾತಿಯದು. ಅದರ ಕಥೆ ಇಡೀ ಊರಿಗೆ ಗೊತ್ತು. ಮಳೆಗೆ ಮುಂಚೆ ಕಾಫಿ ಗಿಡಕ್ಕೆ ಕೊಳೆರೋಗ ಬಾರದಿರಲೆಂದು ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಹೊಡೆಯುತ್ತೇವಲ್ಲ, ಎರಡು ವರ್ಷದ ಹಿಂದೆ ಅದರ ಡ್ರಮ್ಮನ್ನೂ ಪಂಪನ್ನೂ ಮೋಹನ ಜೀಪಿನಲ್ಲಿ ಹೇರಿಕೊಂಡು ತೋಟದೊಳಗೆ ಹೋಗಿದ್ದ. ಪೈಪು ಬಿರಿದು ಬಲಗಡೆಯ ಗ್ಲಾಸು ಪೂರ್ತಿ ನೀಲಿ-ಬಿಳಿ. ಜೀಪನ್ನು ಹಾಗೇ ಬಿಸಿಲಿನಲ್ಲಿ ಬಿಟ್ಟು ಅವನು ಯಾರದೋ ಮದುವೆಗೆ ಹೋದ. ವಾರ ಕಳೆದು ಬಂದು, ಕಲ್ಲಿನಂತೆ ಕೂತಿದ್ದ ಸುಣ್ಣವನ್ನು ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ. ಕಂಚಿನ ಚೊಂಬು ತೊಳೆದ ಹಾಗೆ. ಸುಣ್ಣ ಹೋಯಿತು, ಅದರ ಜೊತೆ ಗ್ಲಾಸಿನ ನುಣುಪೂ ಹೋಯಿತು.

ಇದನ್ನು ನೆನಪಿಸಿದೆ.

"ನಾನಾ?" ಎಂದ ಮೋಹನ.

"ನೀನೇ."

"ಅದು ಪೈಪಿನ ತಪ್ಪು ಕಣಣ್ಣ."

"ಸರಿ. ಪೈಪಿನ ತಪ್ಪಿಗೆ ಅಕ್ಕನ ಕಣ್ಣು ಯಾಕೆ ಹೋಗ್ಬೇಕು? ಚಪ್ಪಟೆ ಗ್ಲಾಸು. ಅರ್ಧ ದಿನದ ಕೆಲ್ಸ. ಬೇರೆ ಹಾಕ್ಸು."

ಆಗ ಹೊರಗೆ ಬಂತು ವಿಷಯ. ಹಳೆಯ ಜೀಪುಗಳನ್ನು ಕೂಡಿಡುವ ಯಾರೋ ಒಬ್ಬರು ಹೋಂಸ್ಟೇಗೆ ಬಂದಿದ್ದರಂತೆ. ಗ್ಲಾಸಿನ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಮುದ್ರೆ ನೋಡಿ ಮಂಡಿಯೂರಿ ಫೋಟೋ ತೆಗೆದರಂತೆ. "ಎಲ್ಲಾ ಬದಲಾಯ್ಸಿ, ಗ್ಲಾಸ್ ಮಾತ್ರ ಮುಟ್ಬೇಡಿ, ಇದು ಒರಿಜಿನಲ್" ಎಂದು ಹೇಳಿ ಹೋದರಂತೆ. ಮೋಹನನ ಯೋಜನೆ ಅಂದಿನಿಂದ ತಯಾರು. ಜೀಪಿಗೆ ಹಸಿರು ಬಣ್ಣ ಹೊಡೆಸಿ, ಅಂಗಳದಲ್ಲಿ ನಿಲ್ಲಿಸಿ, ಬಂದವರು ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುವುದು.

"ಗ್ಲಾಸ್ ತೆಗೆದ್ರೆ ವ್ಯಾಲ್ಯೂನೇ ಹೋಯ್ತಲ್ಲಣ್ಣ. ಒರಿಜಿನಲ್ಲು ಅಂದ್ರೆ ಒರಿಜಿನಲ್ಲು."

"ಅಕ್ಕನ ಕಣ್ಣೂ ಒರಿಜಿನಲ್ಲೇ" ಎಂದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಆ ಹೊತ್ತಿನಲ್ಲಿ ನಾನು ಕೊಕ್ಕೆಯಿಂದ ಕೀಲಿ ಕಿತ್ತು ಅಕ್ಕನ ಕೈಗೆ ಕೊಟ್ಟಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮಧ್ಯದ ದಾರಿ ಹುಡುಕುವುದು ನನಗೆ ಅಂಟಿದ ಚಟ. ಗ್ಲಾಸು ತೆಗೆಯುವುದು ಬೇಡ, ಪಾಲಿಶ್ ಮಾಡಿಸೋಣ ಎಂದೆ. ಮೋಹನ ಒಪ್ಪಿದ. ಅವನು ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಗ್ಯಾರೇಜಿಗೆ ಮೋಹನನೇ ಜೀಪು ಓಡಿಸಿದ, ಎದುರು ಲೈಟು ಇಲ್ಲದ ಹಗಲಿನಲ್ಲಿ, ಕತ್ತು ಹೊರಗೆ ಹಾಕಿ.

ಶನಿವಾರಸಂತೆಯಲ್ಲಿ ಶಾಜಿಯ ಗ್ಯಾರೇಜು. ಅವನ ಅಪ್ಪ ಕೇರಳದಿಂದ ಬಂದವರು, ಅವನು ಇಲ್ಲಿಯೇ ಹುಟ್ಟಿದವನು. ಕನ್ನಡ ಮಾತಾಡಿದರೆ ಅರ್ಧ ದಾರಿಯಲ್ಲಿ ಅಪ್ಪನ ಊರಿನ ಕಡೆಗೆ ತಿರುಗಿ, ಅಣ್ಣ ಹೋಗಿ ಚೇಟಾ ಆಗುತ್ತದೆ. ಗ್ಲಾಸಿಗೆ ಬೆರಳು ತಟ್ಟಿ ನೋಡಿ, "ಇದೆಲ್ಲ ಎಂತ ಚೇಟಾ, ಈಗ ನೋಡಿ, ಕನ್ನಡಿ ಆಗ್ತದೆ" ಎಂದ. ಕೆಂಪು ಪೇಸ್ಟು ಬಳಿದು, ಗರಗರ ತಿರುಗುವ ಮೆಶೀನು ಹಿಡಿದು, ಊಟದ ಹೊತ್ತಿನವರೆಗೆ ಉಜ್ಜಿದ. ಕೊನೆಗೆ ಬಟ್ಟೆಯಿಂದ ಒರೆಸಿ ಎರಡು ಹೆಜ್ಜೆ ಹಿಂದೆ ನಿಂತ.

"ಶೈನಿಂಗ್ ನೋಡಿ!"

ಶೈನಿಂಗ್ ನಿಜ. ನಾನು ಒಳಗೆ ಕೂತು ನೋಡಿದೆ. ರಸ್ತೆ ನಡುವೆ ಅಲೆಯೆದ್ದು ಬಾಗಿತ್ತು. ಎದುರಿನ ಬೇಕರಿಯ ಕಂಬಕ್ಕೆ ಸೊಂಟ ಬಂದಿತ್ತು. ದಾಟುತ್ತಿದ್ದ ಹಸುವೊಂದು ಗ್ಲಾಸಿನ ನಡುವಿಗೆ ಬಂದಾಗ ಉದ್ದವಾಗಿ, ಹಾಗೇ ಎರಡು ಹಸುವಾಗಿ, ಆ ಕಡೆಗೆ ಹೋದಾಗ ಮತ್ತೆ ಒಂದಾಯಿತು.

"ಶಾಜಿ, ಶೈನಿಂಗ್ ಉಂಟು. ರಸ್ತೆ ಎಲ್ಲಿ?"

ಅವನು ಬಂದು ಬಗ್ಗಿ ನೋಡಿದ. ತಲೆಯನ್ನು ಎಡಕ್ಕೆ, ಬಲಕ್ಕೆ ಆಡಿಸಿದ. "ಹಾಗೆ ನೋಡ್ಬೇಡಿ ಚೇಟಾ. ಸ್ವಲ್ಪ ಬಗ್ಗಿ ನೋಡಿದ್ರೆ ಸರಿ ಕಾಣ್ತದೆ."

ಮೋಹನ ಹೊರಗಿನಿಂದ ಗ್ಲಾಸಿನ ಫೋಟೋ ತೆಗೆಯುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಹೊರಗಿನ ಹೊಳಪು. ಅದು ಸಿಕ್ಕಿತ್ತು. ವಾಪಸು ಬರುವಾಗ ವಿಶೇಷಣಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಕೂತಿದ್ದೆ. ದಾರಿ ಮುಗಿಯಿತು, ಅವು ಮುಗಿಯಲಿಲ್ಲ.

ಇದರ ನಡುವೆ ಅಕ್ಕನನ್ನು ಸೋಮವಾರಪೇಟೆಗೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದದ್ದೂ ಆಯಿತು. ಮೋಹನನ ಷರತ್ತು ಅದು. ಡಾಕ್ಟರು ನೋಡಿ, ಪೇಪರ್ ಓದಲು ಕನ್ನಡಕ ಬೇಕು, ದೂರಕ್ಕೆ ಏನೂ ಬೇಡ, ಈ ವಯಸ್ಸಿಗೆ ಇದು ಒಳ್ಳೆಯ ಕಣ್ಣು ಎಂದರು. ನಾನು ಸಂತೋಷದಿಂದ ಬಂದು ಹೇಳಿದರೆ ಮೋಹನ ನಕ್ಕ.

"ಅಲ್ಲಣ್ಣ, ಡಾಕ್ಟ್ರು ಕುರ್ಚಿ ಮೇಲೆ ಕೂರ್ಸಿ ಗೋಡೆ ಮೇಲಿನ ಅಕ್ಷರ ಓದ್ಸವ್ರೆ. ಗೋಡೆ ಏನು ಎದುರಿಂದ ಓಡ್ಕೊಂಡು ಬರ್ತದಾ? ಕೀ ಇಲ್ಲೇ ಇರ್ಲಿ ಬಿಡು."

ಅಕ್ಕ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ಕೊಕ್ಕೆಯಲ್ಲಿ ನೇತಾಡುತ್ತಿದ್ದ ಕೀಲಿಯನ್ನು ಒಮ್ಮೆ ನೋಡಿ ಮನೆಗೆ ಹೋದಳು.

ಮೂರನೇ ಶನಿವಾರ ಜೀಪು ಹೊರಡಲಿಲ್ಲ. ಮೊಟ್ಟೆ ಮಾರುವ ಪುಟ್ಟಕ್ಕ ಬುಟ್ಟಿ ಹೊತ್ತು ಟಾರು ರಸ್ತೆಯವರೆಗೆ ನಡೆದು, ಬಸ್ಸಿನ ನೂಕಾಟದಲ್ಲಿ ಅರ್ಧ ಮೊಟ್ಟೆ ಒಡೆದುಕೊಂಡು, ಸಂತೆ ಮುಟ್ಟದೆ ತಿರುಗಿ ಬಂದಳು. ಉಳಿದ ಮೂವರು ಹೊರಡಲೇ ಇಲ್ಲ. ಸಂಜೆ ಪುಟ್ಟಕ್ಕ ಅಕ್ಕನ ಜಗಲಿಯಲ್ಲಿ ಕೂತು, ನನಗೆ ಕೇಳಿಸಲೆಂದೇ ಹೇಳಿದಳು: "ಪೇಪರ್‌ನೋರು ಬಂದವ್ರೆ ಅಂತ ಖುಷಿಪಟ್ವಿ ಕಣಕ್ಕ. ಬಂದು ಏನ್ ಮಾಡುದ್ರು? ಎರಡ್ ಕಡೆನೂ ಕೇಳುದ್ರು."

ನಾಲ್ಕನೇ ಶನಿವಾರ ಬೆಳಿಗ್ಗೆ ನಾನು ಹೋಂಸ್ಟೇಯ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದೆ. ಮೈಸೂರಿನಿಂದ ಬಂದ ಒಂದು ಗುಂಪು ಜೀಪಿನ ಸುತ್ತ ನಿಂತು ಫೋಟೋ ತೆಗೆಯುತ್ತಿತ್ತು. ಮೋಹನ ಒರಿಜಿನಲ್ ಗ್ಲಾಸಿನ ಮುದ್ರೆ ತೋರಿಸುತ್ತಿದ್ದ. ಆಗ ಅಕ್ಕ ಬಂದಳು. ಸೀರೆಯ ಮೇಲೆ ಭಾವನ ರೇನ್‌ಕೋಟು. ತಲೆಗೆ ಬಿಗಿಯಾಗಿ ಟವೆಲು. ಹಣೆಯ ಮೇಲೆ ಬೋರ್ಡೋ ಹೊಡೆಯುವಾಗ ಹಾಕಿಕೊಳ್ಳುವ ಪ್ಲಾಸ್ಟಿಕ್ ಕನ್ನಡಕ. ಕೈಯಲ್ಲಿ ಸ್ಪ್ಯಾನರು. ಹಿಂದೆ ಬುಟ್ಟಿಗಳೊಂದಿಗೆ ಪುಟ್ಟಕ್ಕ ಮತ್ತು ಮೂವರು.

ಅಕ್ಕ ನೇರ ಒಳಗೆ ಹೋಗಿ ಆನೆಯ ಸೊಂಡಿಲಿನಿಂದ ಕೀಲಿ ತೆಗೆದುಕೊಂಡು ಬಂದಳು. ಗ್ಲಾಸಿನ ಎರಡು ಬದಿಯ ಕೊಂಡಿಗಳು ತುಕ್ಕು ಹಿಡಿದಿದ್ದವು. ಸ್ಪ್ಯಾನರಿನಿಂದ ಎರಡು ಏಟು ಕೊಟ್ಟು ಬಿಡಿಸಿದಳು.

"ಏನೇ ಇದು? ಏನ್ ಮಾಡ್ತಾ ಇದೀಯ?" ಮೋಹನ ಓಡಿ ಬಂದ.

"ನಿನ್ನ ಒರಿಜಿನಲ್ ಗ್ಲಾಸ್ ಒಡೆಯಲ್ಲ ಕಣೋ, ಹೆದರ್ಕೋಬೇಡ. ಮಲಗಿಸ್ತೀನಿ. ಪಾಪ, ವಯಸ್ಸಾಗೈತೆ ಅದಕ್ಕೆ. ಶೇಖರ, ಆ ಕಡೆ ಹಿಡ್ಕೊ."

ನಾನು ಹಿಡಿದುಕೊಂಡೆ. ಚೌಕಟ್ಟು ಮುಂದಕ್ಕೆ ಬಾಗಿ ಬಾನೆಟ್ಟಿನ ಮೇಲೆ ಧಡ್ ಎಂದು ಮಲಗಿತು. ಮೈಸೂರಿನವರು ಚಪ್ಪಾಳೆ ತಟ್ಟಿದರು. ಒಬ್ಬಳು ಹುಡುಗಿ, "ವಾವ್ ಆಂಟಿ, ಒಂದ್ ನಿಮಿಷ, ವಿಡಿಯೋ!" ಎಂದಳು. ಅತಿಥಿಗಳ ಕ್ಯಾಮೆರಾದ ಎದುರು ಅಕ್ಕನ ಕೈಯಿಂದ ಕೀಲಿ ಕಿತ್ತುಕೊಳ್ಳುವುದು ಮೋಹನನಿಂದ ಆಗಲಿಲ್ಲ. ಅವನು ನಗುವಂತೆ ಏನೋ ಮಾಡಿದ.

ನಾನು ಎಡಗಡೆ ಹತ್ತಿದೆ. ಹೊರಟಿತು.

ಗಾಳಿ ಮುಖಕ್ಕೆ ಬಡಿದ ಕೂಡಲೇ ನನ್ನ ಕೈ ತಾನಾಗಿ ಮೇಲೆದ್ದು ವೈಪರಿನ ಹಿಡಿಕೆಯನ್ನು ಹುಡುಕಿತು. ಅದು ಗ್ಲಾಸಿನ ಜೊತೆ ಬಾನೆಟ್ಟಿನ ಮೇಲೆ ಮಲಗಿತ್ತು. ತುಂತುರು ಶುರುವಾಯಿತು. ನನ್ನ ಕಣ್ಣು ಮುಚ್ಚಿತು. ಅಕ್ಕನ ಪ್ಲಾಸ್ಟಿಕ್ ಕನ್ನಡಕದ ಮೇಲೆ ಹನಿ ಕೂರುತ್ತಿತ್ತು, ಅವಳು ಆಗಾಗ ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು. ಮಾತಾಡುತ್ತಲೇ ಇದ್ದಳು, ನನ್ನ ಜೊತೆಯಲ್ಲ, ರಸ್ತೆಯ ಜೊತೆ.

"ಅಗೋ, ಆ ಕಂಬದ ಮೇಲೆ ಗೊರವಂಕ. ಜೋಡಿ. ಮಾದಪ್ಪ ಗೇಟು ತೆಗೆದೇ ಬಿಟ್ಟವ್ನೆ, ದನ ನುಗ್ತದೆ. ಅಲ್ಲಿ ಯಾರೋ ಕೊಡೆ ಹಿಡ್ಕೊಂಡು... ಸರೋಜಮ್ಮ. ಹೊಸ ಕೊಡೆ."

ನಾನು ಕಣ್ಣು ಒರೆಸಿಕೊಂಡು ನೋಡಿದರೆ ಕೊಡೆ ಇನ್ನೂ ಒಂದು ಚುಕ್ಕೆ. ಹತ್ತಿರ ಹೋದಾಗ ಸರೋಜಮ್ಮನೇ. ಕೊಡೆ ಹೊಸದು.

ಕೆರೆಕೋಡಿಯ ಮೋರಿ ಬಂತು. ಎದುರಿನಿಂದ ಬಸ್ಸೂ ಬಂತು, ಮೋಡಕ್ಕೆ ಲೈಟು ಹಾಕಿಕೊಂಡು. ಹಿಂದಿನಿಂದ ಪುಟ್ಟಕ್ಕ, "ಅಕ್ಕಾ, ಅದೇ ಬಸ್ಸು!" ಎಂದಳು. ಅಕ್ಕ ನಿಲ್ಲಿಸಿದಳು. ಹಿಂದಕ್ಕೆ ತಿರುಗಿ ನೋಡಿ, ಏರಿನಲ್ಲಿ ರಿವರ್ಸ್ ತೆಗೆದು, ಮೋರಿಯ ಈಚೆ ಅಗಲವಿದ್ದ ಕಡೆ ಬದಿಗೆ ಸರಿಸಿದಳು. ಬಸ್ಸು ಹೋಯಿತು. ಮಡ್‌ಗಾರ್ಡಿಗೂ ಕಟ್ಟೆಗೂ ನಡುವೆ ಒಂದು ಬುಟ್ಟಿ ಹಿಡಿಯುವಷ್ಟು ಜಾಗವಿತ್ತು.

"ಈ ಸಲ ಬುಟ್ಟಿ ಬೀಳ್ಲಿಲ್ಲ" ಎಂದಳು ಪುಟ್ಟಕ್ಕ.

ಸಂತೆಯ ತಿರುವಿನಲ್ಲಿ ಪೊಲೀಸಿನವನೊಬ್ಬ ಕೈ ತೋರಿಸಿದ. "ಅಮ್ಮಾ, ಎದುರು ಗ್ಲಾಸ್ ಎಲ್ಲಿ?"

"ಮಲಗೈತೆ ಸಾರ್. ಮೈ ಹುಷಾರಿಲ್ಲ ಅದಕ್ಕೆ. ಬರೋ ವಾರ ಬೇರೇದು ಕರ್ಕೊಂಡು ಬರ್ತೀನಿ."

ಅವನು ಬಾನೆಟ್ಟನ್ನೂ, ಅಕ್ಕನ ಕನ್ನಡಕವನ್ನೂ, ಒದ್ದೆ ಕೋಳಿಯ ಹಾಗೆ ಕೂತಿದ್ದ ನನ್ನನ್ನೂ ನೋಡಿ, "ಹೋಗಿ ಹೋಗಿ" ಎಂದ.

ಅಕ್ಕ ಅಲ್ಲಿಂದ ನೇರ ಶಾಜಿಯ ಗ್ಯಾರೇಜಿಗೆ ಹೋಗಿ ಅಳತೆ ತೆಗೆಸಿದಳು. ಗ್ಲಾಸು ಹಾಸನದಿಂದ ಬುಧವಾರ ಬಂತು. ಗುರುವಾರ ಶಾಜಿ ಊರಿಗೇ ಬಂದು ಕೂರಿಸಿದ. ಈ ಸಲ ಬಗ್ಗಿ ನೋಡಿ ಎಂದು ಯಾರಿಗೂ ಹೇಳಲಿಲ್ಲ. ಮೋಹನ ಪಕ್ಕದಲ್ಲಿ ನಿಂತು, ಹಳೆಯದು ಜೋಪಾನ, ಮೂಲೆ ಒಡೆಯಬೇಡ ಎಂದು ನಾಲ್ಕು ಸಲ ಹೇಳಿದ. ಅಕ್ಕನಿಗೆ ಅವನು ಹೇಳಿದ್ದೇನೂ ಇಲ್ಲ. ನಾನು ಕಾದಿದ್ದೆ, ಆ ಗುರುವಾರವೂ, ಅದರ ಮರುದಿನವೂ.

ಊರು ಮಾತ್ರ ತನ್ನ ಸುದ್ದಿಯನ್ನು ತಿದ್ದಿಕೊಂಡಿತು. ಅದು ಹೇಗೆ ತಿದ್ದಿಕೊಂಡಿತು ಎಂಬುದು ನನಗೆ ಗೊತ್ತಾದದ್ದು ಮೊನ್ನೆ, ಟಾರು ರಸ್ತೆಯಲ್ಲಿ ಸರೋಜಮ್ಮ ಸಿಕ್ಕಾಗ. ಅದೇ ಹೊಸ ಕೊಡೆ.

"ದಮಯಂತಕ್ಕನ ಕಣ್ಣು ಚೆನ್ನಾಗಿ ವಾಸಿ ಆಯ್ತಲ್ಲಣ್ಣ. ಸೋಮವಾರಪೇಟೆ ಡಾಕ್ಟ್ರು ಏನ್ ಡ್ರಾಪ್ಸ್ ಕೊಟ್ರು? ನಮ್ಮೋರಿಗೂ ಬೇಕಾಗಿತ್ತು."

ಡ್ರಾಪ್ಸ್ ಅಲ್ಲ, ಗ್ಲಾಸು ಎಂದೆ. ಬೋರ್ಡೋದಿಂದ ಹಿಡಿದು ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಹೌದಾ" ಎಂದರು. "ಡ್ರಾಪ್ಸ್ ಹೆಸ್ರು ಮಾತ್ರ ಕೇಳಿ ಹೇಳಿ."

ನಿನ್ನೆ ಶನಿವಾರ. ಜೀಪು ಬೆಳಿಗ್ಗೆ ಸಂತೆಗೆ ಹೊರಟು ಸಂಜೆ, ಲೈಟು ಹಾಕುವ ಹೊತ್ತಿಗೆ, ವಾಪಸು ಬಂತು. ಜೀಪಿನಲ್ಲಿ ಐವರಿದ್ದರು. ಓಡಿಸಿದವಳು ದಮಯಂತಿ. ಹಳೆಯ ಗ್ಲಾಸಿಗೆ ಮೋಹನ ಮರದ ಚೌಕಟ್ಟು ಹಾಕಿಸಿ ರಿಸೆಪ್ಶನ್ನಿನ ಗೋಡೆಗೆ ತೂಗುಹಾಕಿದ್ದಾನೆ. ಅದರ ಪಕ್ಕದಲ್ಲಿ ಆನೆಯ ಕೊಕ್ಕೆ ಇದೆ. ಅದು ಖಾಲಿ ಇದೆ.